ಉಸಿರನ್ನು ಗಮನಿಸು ಎಂದರೆ ಅಳುವ ಹುಡುಗಿ

ಪ್ರಶ್ನೆ: ಮೇಡಂ, ನನ್ನ ಮಗಳು ಆರನೇ ತರಗತಿ. ಜೂನ್‌ನಿಂದ ಅವಳ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹದಿನೈದು ನಿಮಿಷ ಧ್ಯಾನ ಕಡ್ಡಾಯವಾಗಿದೆ. ಕಣ್ಣು ಮುಚ್ಚಿ ಉಸಿರನ್ನೇ ಗಮನಿಸಬೇಕು. ಇವಳು ನಡುವೆ ಕಣ್ಣು ಬಿಡುತ್ತಾಳೆ, ಎರಡು ಸಲ ಅತ್ತಿದ್ದಾಳೆ. ‘ಏಕಾಗ್ರತೆ ಇಲ್ಲ’ ಎಂದು ಟೀಚರ್ ಡೈರಿಯಲ್ಲಿ ಬರೆದು ಕಳುಹಿಸಿದ್ದಾರೆ. ಬೆಳಗಾದರೆ ಹೊಟ್ಟೆನೋವು ಎನ್ನುತ್ತಾಳೆ, ಭಾನುವಾರ ಮಾತ್ರ ಇರುವುದಿಲ್ಲ. ಮೊನ್ನೆ ರಾತ್ರಿ, ‘ಅಮ್ಮಾ, ನಾನು ನೋಡಿಕೊಳ್ಳದಿದ್ದರೆ ಉಸಿರು ನಿಂತುಹೋಗುತ್ತದೆಯೇ?’ ಎಂದು ಕೇಳಿದಳು. ಧ್ಯಾನದಿಂದ ಮನಸ್ಸು ಗಟ್ಟಿಯಾಗುತ್ತದೆ, ನೀನೇ ಮುದ್ದು ಮಾಡಿ ಕೆಡಿಸುತ್ತಿದ್ದೀಯ ಎಂದು ನಮ್ಮ ಯಜಮಾನರು ಬೈಯುತ್ತಾರೆ. ಏಪ್ರಿಲ್‌ನಲ್ಲಿ ಮಾವನವರು ಶ್ವಾಸಕೋಶದ ಕಾಯಿಲೆಯಿಂದ ಮನೆಯಲ್ಲೇ ತೀರಿಕೊಂಡರು. ಮಗಳು ಅವರ ಕೋಣೆಯಲ್ಲೇ ಮಲಗುತ್ತಿದ್ದಳು. ನೆನಪಾಗಬಾರದೆಂದು ಅವರ ಮಂಚ, ಎಲೆಯಡಿಕೆ ಚೀಲ ಎಲ್ಲವನ್ನೂ ಅಟ್ಟಕ್ಕೆ ಹಾಕಿದೆವು. ಆ ಮಾತನ್ನೇ ತೆಗೆಯುವುದಿಲ್ಲ, ಆ ವಿಷಯದಲ್ಲಿ ಈಗ ಸರಿಯಾಗಿದ್ದಾಳೆ. ಶಾಲೆ ಬದಲಿಸಲೇ? ಅವಳಿಗೇನಾದರೂ ಮನಸ್ಸಿನ ತೊಂದರೆ ಇದೆಯೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ನೀವೇ ಒಮ್ಮೆ ಓದಿ ನೋಡಿ. ಮಗಳು ಉಸಿರಿನ ಬಗ್ಗೆ ಕೇಳಿದ ಪ್ರಶ್ನೆಗೂ ಮಾವನವರ ಸಾವಿಗೂ ನಡುವೆ ಎರಡೇ ಸಾಲು ಇವೆ. ಆ ಎರಡು ಸಾಲನ್ನು ದಾಟಿದರೆ ಉತ್ತರ ಸಿಗುತ್ತದೆ.

ಶ್ವಾಸಕೋಶ ಸೋತ ತಾತನ ಪಕ್ಕದಲ್ಲಿ ಆ ಮಗು ಎಷ್ಟು ರಾತ್ರಿ ಮಲಗಿತ್ತು? ಏದುಸಿರು ಹೇಗಿರುತ್ತದೆ, ಎರಡು ಉಸಿರಿನ ನಡುವಿನ ಬಿಡುವು ಹೇಗೆ ಉದ್ದವಾಗುತ್ತಾ ಹೋಗುತ್ತದೆ ಎಂಬುದನ್ನು ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹತ್ತಿರದಿಂದ ಕೇಳಿಸಿಕೊಂಡವಳು ಅವಳೇ ಇರಬೇಕು. ಅಂಥವಳಿಗೆ ದಿನವೂ ಬೆಳಿಗ್ಗೆ, ‘ಕಣ್ಣು ಮುಚ್ಚು, ಉಸಿರನ್ನೇ ಗಮನಿಸು’ ಎಂದು ಹೇಳಲಾಗುತ್ತಿದೆ. ಏಕಾಗ್ರತೆ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಆ ಸಾಲಿನಲ್ಲಿ ಕುಳಿತ ಮಕ್ಕಳ ಪೈಕಿ ನಿಜವಾಗಿ ಉಸಿರನ್ನು ಗಮನಿಸುತ್ತಿರುವವಳು ಬಹುಶಃ ಇವಳೊಬ್ಬಳೇ. ಉಳಿದವರು ಊಟದ ಡಬ್ಬಿಯಲ್ಲಿ ಏನಿದೆ ಎಂದು ಯೋಚಿಸುತ್ತಿರುತ್ತಾರೆ, ಆರಾಮವಾಗಿರುತ್ತಾರೆ.

ಧ್ಯಾನದ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಮಕ್ಕಳಿಗೆ ಹೇಳಿಕೊಟ್ಟವಳು. ಆದರೆ ಅದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವ ಜಂತುಹುಳದ ಮಾತ್ರೆಯಂತೆ ಕೊಡುವವರನ್ನು ಕಂಡರೆ ಸಹನೆ ಕೆಡುತ್ತದೆ. ಬ್ರಿಟನ್‌ನಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 11ರಿಂದ 14ರ ವಯಸ್ಸಿನ ಮಕ್ಕಳು, ಅಂದರೆ ಹೆಚ್ಚುಕಡಿಮೆ ನಿಮ್ಮ ಮಗಳ ಓರಗೆಯವರು. ಶಾಲೆಯಲ್ಲಿ ಮೊದಲೇ ಇದ್ದ ಭಾವನೆಗಳ ಕುರಿತ ಪಾಠಕ್ಕಿಂತ ಧ್ಯಾನದ ತರಗತಿಯಿಂದ ಮಕ್ಕಳ ಮನಸ್ಸಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಮೊದಲೇ ಮನಸ್ಸಿನ ಸಂಕಟದ ಅಂಚಿನಲ್ಲಿದ್ದ ಮಕ್ಕಳಿಗೆ ಅದು ಹೊಂದದಿರಬಹುದು ಎಂಬ ಸುಳಿವೂ ಸಿಕ್ಕಿತು. ಶಿಕ್ಷಕರ ಬಳಲಿಕೆ ಮಾತ್ರ ಸ್ವಲ್ಪ ಕಾಲ ತಗ್ಗಿತಂತೆ! ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಶುರುವಾದ ‘ಹ್ಯಾಪಿನೆಸ್’ ತರಗತಿಯಲ್ಲೂ ಧ್ಯಾನದ ಜೊತೆಗೆ ಕಥೆ, ಚಟುವಟಿಕೆ, ಮಕ್ಕಳ ಮಾತು ಇದ್ದವು. ಮಾತಿಗೆ ಜಾಗವಿಲ್ಲದ ಕಡೆ ಬರೀ ಕಣ್ಣು ಮುಚ್ಚಿಸಿದರೆ, ಒಳಗೆ ಏನಿದೆಯೋ ಅದೇ ಕಾಣುತ್ತದೆ.

ಶಾಲೆ ಬದಲಿಸಬೇಡಿ. ತಾತನನ್ನು ಕಳೆದುಕೊಂಡ ವರ್ಷವೇ ಗೆಳತಿಯರನ್ನೂ ಕಳೆದುಕೊಳ್ಳುವುದು ಬೇಡ. ಮುಖ್ಯೋಪಾಧ್ಯಾಯರ ಬಳಿ ದೂರು ಒಯ್ಯುವ ಮೊದಲು ಆ ಟೀಚರನ್ನು ಒಬ್ಬರನ್ನೇ ಭೇಟಿಯಾಗಿ, ಸಾವಿನ ವಿಷಯ ಹೇಳಿ. ಅವರಿಗೆ ಗೊತ್ತೇ ಇರಲಿಕ್ಕಿಲ್ಲ. ಮಗಳು ಕಣ್ಣು ತೆರೆದೇ ಕೂರಲಿ, ಉಸಿರಿನ ಬದಲು ಹೊರಗೆ ಕೇಳಿಸುವ ಸದ್ದುಗಳನ್ನು ಎಣಿಸಲಿ, ಬೇಕೆನಿಸಿದರೆ ಚಿತ್ರ ಬರೆಯಲಿ ಎಂದು ಕೇಳಿಕೊಳ್ಳಿ. ಅದಕ್ಕಾಗಿ ಅವಳನ್ನು ಹೊರಗೆ ನಿಲ್ಲಿಸಬಾರದು, ಎಲ್ಲರೆದುರು ಕಾರಣ ಹೇಳಲೂಬಾರದು. ಇದಕ್ಕೂ ಒಪ್ಪದಿದ್ದರೆ ಆಗ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ.

ಹೊಟ್ಟೆನೋವನ್ನು ನಾಟಕ ಎನ್ನಬೇಡಿ. ಭಯಕ್ಕೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಆದರೂ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.

ನೀವು ಬರೆದದ್ದನ್ನು ನೋಡಿದರೆ ಇದು ಕಾಯಿಲೆ ಅನ್ನಿಸುವುದಿಲ್ಲ, ದುಃಖ ಮತ್ತು ಭಯ ಅನ್ನಿಸುತ್ತದೆ. ಹಾಗೆಂದು ಪತ್ರ ಓದಿಯೇ ತೀರ್ಪು ಕೊಡುವವಳೂ ನಾನಲ್ಲ. ನಿದ್ದೆ, ಊಟ ಕೆಟ್ಟರೆ, ಶಾಲೆಗೆ ಹೋಗುವುದನ್ನೇ ನಿಲ್ಲಿಸಿದರೆ, ಸಾಯುವ ಮಾತು ಬಂದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನೂ ಕಾಣಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಈ ಕಾರ್ಯಕ್ರಮವನ್ನು ಮೊದಲು ಪ್ರಯೋಗಿಸಿದ್ದು ನಿಮ್ಮ ಬಳ್ಳಾರಿಯಲ್ಲೇ. ದೇಶಕ್ಕೆ ಮಾದರಿಯಾದ ಊರಿನಲ್ಲಿದ್ದುಕೊಂಡು ಸಂಕೋಚಪಡಬೇಡಿ.

ಇನ್ನು, ಅವಳ ಪ್ರಶ್ನೆಗೆ ಇವತ್ತೇ ಉತ್ತರ ಕೊಡಿ. ‘ಇಲ್ಲ ಕಂದ, ನೀನು ನೋಡಿಕೊಳ್ಳದಿದ್ದರೂ ಉಸಿರು ನಡೆಯುತ್ತದೆ. ನಿದ್ದೆಯಲ್ಲೂ ಮೆದುಳು ಅದನ್ನು ನೋಡಿಕೊಳ್ಳುತ್ತದೆ. ತಾತನ ಶ್ವಾಸಕೋಶಕ್ಕೆ ತುಂಬ ಕಾಯಿಲೆಯಾಗಿತ್ತು, ನಿನ್ನದು ಚೆನ್ನಾಗಿದೆ.’ ಆಮೇಲೆ ಸುಮ್ಮನಿದ್ದು ಕಾಯಿರಿ. ಆ ರಾತ್ರಿ ತಾನು ನಿದ್ದೆ ಹೋದದ್ದರಿಂದಲೇ ತಾತ ಹೋದರು ಎಂದು ಅವಳು ನಂಬಿರಬಹುದು. ಮಕ್ಕಳು ಇಂಥ ಲೆಕ್ಕವನ್ನು ತಮ್ಮೊಳಗೇ ಹಾಕಿಕೊಳ್ಳುತ್ತಾರೆ. ಹಾಗೆ ಹೇಳಿದರೆ, ‘ನಿನ್ನಿಂದ ಏನೂ ಆಗಲಿಲ್ಲ’ ಎಂದು ನೇರವಾಗಿ, ಎಷ್ಟು ಸಲ ಬೇಕಾದರೂ ಹೇಳಿ.

ನಿಮ್ಮ ಯಜಮಾನರ ಜೊತೆ ವಾದಕ್ಕಿಳಿಯಬೇಡಿ. ಏಪ್ರಿಲ್‌ನಲ್ಲಿ ಅವರು ಅಪ್ಪನನ್ನು ಕಳೆದುಕೊಂಡವರು, ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಮಗಳ ನೆಪದಲ್ಲಿ ತಮಗೇ ಹೇಳಿಕೊಳ್ಳುತ್ತಿರಬಹುದು. ಒಂದು ಭಾನುವಾರ ಆ ಎಲೆಯಡಿಕೆ ಚೀಲವನ್ನು ಅಟ್ಟದಿಂದ ಅವರ ಕೈಯಲ್ಲೇ ಇಳಿಸಿ. ಕೆಳಗೆ ಏಣಿ ಹಿಡಿದುಕೊಳ್ಳಲು ಮಗಳನ್ನು ಕರೆಯಿರಿ. ಒಳಗೆ ಒಣಗಿದ ಎಲೆ ಇನ್ನೂ ಇದ್ದೀತು. ಅದನ್ನು ಏನು ಮಾಡುವುದೆಂದು ಅವಳೇ ಹೇಳಲಿ.