ಮಲೆನಾಡಿನ ಮಳೆಗೆ ಯಾವ ಕ್ರೋಮ್ ನಿಲ್ಲುತ್ತದೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ ನಾನು. ನನ್ನಲ್ಲಿ ಎಂಟು ವರ್ಷ ಹಳೆಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ಕಳೆದ ಬೇಸಿಗೆಯಲ್ಲಿ ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ ಕ್ರೋಮ್ ಕ್ರ್ಯಾಶ್ ಗಾರ್ಡ್ ದೀಪಾವಳಿಯ ಹೊತ್ತಿಗೆ ತುಕ್ಕು ಹಿಡಿಯಿತು. ಗಾರ್ಡ್, ಕನ್ನಡಿ, ಹೆಡ್‌ಲೈಟ್ ಟೋಪಿ, ಕ್ಯಾರಿಯರ್, ಸೈಲೆನ್ಸರ್ ಇವನ್ನೆಲ್ಲ ಐದು ಸಾವಿರ ರೂಪಾಯಿಯೊಳಗೆ ಹೊಸದಾಗಿ ಹಾಕಿಸಬಹುದೇ?

ಉತ್ತರ: ಆ ಹಣವನ್ನು ದಯವಿಟ್ಟು ಐದು ಕಡೆ ಹಂಚಬೇಡಿ. ಎರಡೇ ವಸ್ತು ಕೊಳ್ಳಿ, ಒಳ್ಳೆಯದನ್ನೇ ಕೊಳ್ಳಿ.

ನಿಮ್ಮ ಗಾರ್ಡ್ ಒಂದೇ ಮಳೆಗಾಲಕ್ಕೆ ಸೋತದ್ದೇಕೆ ಎಂಬುದನ್ನು ಮೊದಲು ನೋಡೋಣ. ನಾವು ಕಾಣುವ ಕ್ರೋಮ್ ಪದರದ ದಪ್ಪ ಅರ್ಧ ಮೈಕ್ರಾನ್‌ನಷ್ಟೂ ಇರುವುದಿಲ್ಲ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಅದು ಹೊಳಪು ಕೊಡುತ್ತದೆ, ಗೀರು ತಡೆಯುತ್ತದೆ, ಆದರೆ ಅದರ ತುಂಬ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನೀರನ್ನು ತಡೆಯುವ ಕೆಲಸ ಅದರ ಕೆಳಗಿನ ನಿಕ್ಕಲ್ ಪದರದ್ದು. ಹೊರಗಿನ ಮಳೆ ಗಾಳಿಗೆ ಬಾಳಿಕೆ ಬರಬೇಕಾದರೆ ನಿಕ್ಕಲ್ 20ರಿಂದ 30 ಮೈಕ್ರಾನ್ ಇರಬೇಕು. ಅಗ್ಗದ ಮಾಲಿನಲ್ಲಿ ಉಳಿತಾಯ ಮಾಡುವುದು ಇಲ್ಲಿಯೇ. ಅಂಗಡಿಯ ಬೆಳಕಿನಲ್ಲಿ ಎರಡೂ ಒಂದೇ ರೀತಿ ಥಳಥಳಿಸುತ್ತವೆ. ವ್ಯತ್ಯಾಸ ತಿಳಿಯುವುದು ಆಗುಂಬೆಯ ಮಳೆಯಲ್ಲಿ.

ನೀವು ಅಡಿಕೆ ಬೆಳೆಗಾರರಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ತಯಾರಿಸುವಾಗ, ಸುಣ್ಣ ಸಾಕಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುವ ರೂಢಿ ನಿಮಗೆ ಗೊತ್ತು. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ, ಅದರ ಬದಲಿಗೆ ಅಲಗಿನ ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತದ ಚೀಲವನ್ನೋ ಕ್ಯಾನನ್ನೋ ಬೈಕಿನಲ್ಲಿ ಒಯ್ದಾಗ ಗಾರ್ಡಿನ ಮೇಲೆ ಸೋರಿದ ಹನಿಯೂ ಇದನ್ನೇ ಮಾಡುತ್ತದೆ. ಕ್ರೋಮಿನ ಸಣ್ಣ ರಂಧ್ರದೊಳಗೆ ಇಳಿದು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ ಸಂಜೆ ಬೈಕಿಗೆ ಒಂದು ಕೊಡ ಶುದ್ಧ ನೀರು ಸುರಿದು ಬಟ್ಟೆಯಿಂದ ಒರೆಸಿಡಿ. ದುಬಾರಿ ಪಾಲಿಶ್‌ಗಿಂತ ಇದರಿಂದಲೇ ಹೆಚ್ಚು ಪ್ರಯೋಜನ.

ಈ ಸಲ ಆನ್‌ಲೈನ್ ಬೇಡ, ಶಿವಮೊಗ್ಗಕ್ಕೆ ಬಂದು ಕೈಯಲ್ಲಿ ಹಿಡಿದು ನೋಡಿ. ವಸ್ತುವನ್ನು ಅಂಗಡಿಯಿಂದ ಹೊರಗೆ, ಹಗಲು ಬೆಳಕಿಗೆ ತನ್ನಿ. ಕ್ರೋಮ್ ತುಸು ನೀಲಿ ಛಾಯೆಯ ಬಿಳುಪು, ನಿಕ್ಕಲ್ ತುಸು ಹಳದಿ. ಬೆಸುಗೆಯ ಸಂದಿ, ಬಾಗಿದ ಮೂಲೆ, ಬೋಲ್ಟ್ ಕೂರುವ ಪಟ್ಟಿಯ ಹಿಂಬದಿ ಇವೆಲ್ಲ ಹಳದಿಯಾಗಿ ಕಂಡರೆ ಅಲ್ಲಿಗೆ ಕ್ರೋಮ್ ತಲುಪಿಲ್ಲ. ಕ್ರೋಮನ್ನು ವಿದ್ಯುತ್ ಹರಿಸಿ ಲೇಪಿಸುತ್ತಾರೆ, ಲೇಪನದ ತೊಟ್ಟಿಯಲ್ಲಿ ಆ ವಿದ್ಯುತ್ ಸಂದಿಗಳಿಗೆ ಸರಿಯಾಗಿ ಇಳಿಯುವುದಿಲ್ಲ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಕೊಳವೆಯ ತುದಿಯ ರಬ್ಬರ್ ಮುಚ್ಚಳ ತೆಗೆದು ಒಳಗೂ ಕಣ್ಣು ಹಾಯಿಸಿ. ಒಳಗೆ ಆಗಲೇ ಕೆಂಪು ಪುಡಿ ಇದ್ದರೆ ಅದನ್ನು ಬಿಟ್ಟುಬಿಡಿ.

ಗಾರ್ಡಿಗೆ ನನ್ನ ಆಯ್ಕೆ ಕ್ರೋಮ್ ಅಲ್ಲ, ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಲೇಪನವೇ ಇಲ್ಲ, ಸುಲಿದು ಹೋಗುವ ಮಾತೂ ಇಲ್ಲ. ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಗಟ್ಟಿಯಾಗಿ ಅಂಟಿದರೆ ಅದು ಬಹುಮಟ್ಟಿಗೆ ಕ್ರೋಮ್ ಹೊದ್ದ ಸಾದಾ ಉಕ್ಕು. ಅಂಟದಿದ್ದರೂ ಪೂರ್ತಿ ನಂಬಬೇಡಿ. ಬೇಗ ಕಲೆಗಟ್ಟುವ 202 ದರ್ಜೆಯೂ, ಬಾಳಿಕೆ ಬರುವ 304 ದರ್ಜೆಯೂ ಅಯಸ್ಕಾಂತಕ್ಕೆ ಹೆಚ್ಚು ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಎರಡನೆಯದು ಕನ್ನಡಿ. ಬೈಕನ್ನು ಚಾಲೂ ಮಾಡಿ ಅದರ ಮೇಲೆ ಕುಳಿತು ನೋಡಿ. ಹಿಂದಿನ ವಾಹನ ನಡುಗುತ್ತ ಕಂಡರೆ ಘಾಟಿ ರಸ್ತೆಯಲ್ಲಿ ಅಂಥ ಕನ್ನಡಿಯಿಂದ ಉಪಯೋಗವಿಲ್ಲ, ಹೊಳಪು ಎಷ್ಟಿದ್ದರೂ ಸರಿ. ಹೆಡ್‌ಲೈಟ್ ಟೋಪಿ ಬೇಕೇ ಬೇಕೆಂದಾದರೆ ಕ್ರೋಮ್ ಬಣ್ಣದ ಪ್ಲಾಸ್ಟಿಕ್ ಸಾಕು. ಹೊಳಪು ಒಂದು ದಿನ ಸುಲಿಯುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ. ಕ್ಯಾರಿಯರ್ ಮುಂದಿನ ವರ್ಷಕ್ಕಿರಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಆಕ್ಸಲ್, ಅದರ ನಟ್ಟು, ಬ್ರೇಕಿನ ಬೋಲ್ಟು ಇವುಗಳನ್ನು ಚಂದಕ್ಕಾಗಿ ಕ್ರೋಮ್ ಮಾಡಿಸಬೇಡಿ. ಲೇಪನದ ವೇಳೆ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ತಕ್ಷಣ ಕಾಯಿಸಿ ಅದನ್ನು ಹೊರಹಾಕದಿದ್ದರೆ ಉಕ್ಕು ಪೆಡಸಾಗಿ, ಯಾವ ಸೂಚನೆಯನ್ನೂ ಕೊಡದೆ ಮುರಿಯಬಹುದು. ಹಾಗೆಯೇ ಗಾರ್ಡ್ ಕೂರಿಸುವವರು ಸೀರೆ ಗಾರ್ಡ್ ಬಿಚ್ಚಿಟ್ಟರೆ ಬಿಡಬೇಡಿ, ಮತ್ತೆ ಹಾಕಿಸಿಕೊಳ್ಳಿ. ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಲುಕದಂತೆ ರಕ್ಷಣೆ ಇರಬೇಕೆಂಬುದು ಕಾನೂನು ಕೂಡ.

ಸೈಲೆನ್ಸರ್ ಬದಲಿಸಬೇಡಿ. ಅಗ್ಗದ ಒಂಟಿ ಪದರದ ಕೊಳವೆ ಬಿಸಿಗೆ ಬೇಗ ನೀಲಿಗಟ್ಟುತ್ತದೆ. ಸದ್ದು ಮಿತಿ ಮೀರಿದರೆ ದಂಡವೂ ಇದೆ.

ಹಳೆಯ ಗಾರ್ಡನ್ನು ಎಸೆಯಬೇಡಿ. ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಮೃದುವಾಗಿ ಉಜ್ಜಿ, ಮೇಲಿನ ತುಕ್ಕು ಹೋಗುತ್ತದೆ. ಕೊಳವೆ, ಬೆಸುಗೆ ಗಟ್ಟಿಯಾಗಿದ್ದರೆ ಹಳೆಯ ಲೇಪನ ಪೂರ್ತಿ ತೆಗೆಸಿ ಕಪ್ಪು ಪೌಡರ್ ಕೋಟಿಂಗ್ ಮಾಡಿಸಬಹುದು. ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಸುರಿದು, ಗಾರ್ಡನ್ನು ತಿರುಗಿಸಿ ಎಲ್ಲ ಕಡೆ ಹರಿಸಿ, ಹೆಚ್ಚಾದದ್ದನ್ನು ಬಸಿದು ಕೂರಿಸಿ. ಟೈರಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಕಪ್ಪು ಬಣ್ಣಕ್ಕೆ ಮನಸ್ಸು ಒಪ್ಪಿದರೆ ಗಾರ್ಡಿಗೆಂದು ಇಟ್ಟ ಹಣದ ಬಹುಪಾಲು ನಿಮ್ಮ ಬಳಿಯೇ ಉಳಿಯುತ್ತದೆ.