ಕೇಳಿ, ಹೇಳ್ತೇನೆ: ರೇನ್‌ಕೋಟು ಒಳಗಿಂದಲೇ ಒದ್ದೆಯಾದರೆ?

ಜೂನ್ ಸುರುವಾದದ್ದೇ ತಡ, ಈ ಪುಟಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಮಕ್ಕಳ ರೇನ್‌ಕೋಟಿನದ್ದೇ. ನಾನು ಡಾಕ್ಟರಲ್ಲ, ಅಂಗಡಿಯವಳೂ ಅಲ್ಲ. ಉಡುಪಿಯಲ್ಲಿ ಮಕ್ಕಳ ಬಟ್ಟೆ ಹೊಲಿದೇ ಜೀವನ ಮಾಡಿದವಳು, ಇಬ್ಬರು ಮಕ್ಕಳನ್ನು ಇದೇ ಮಳೆಯಲ್ಲಿ ಶಾಲೆಗೆ ಕಳಿಸಿ ದೊಡ್ಡ ಮಾಡಿದವಳು. ಹಾಗಾಗಿ ಹೊಲಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಕಳೆದ ವರ್ಷ ಮೂರು ರೇನ್‌ಕೋಟು ತಂದೆವು. ಮೂರರಲ್ಲೂ ಒಳಗಿನ ಯೂನಿಫಾರ್ಮ್ ಒದ್ದೆ. ಈ ಸಲ ಇನ್ನೂ ದಪ್ಪದ್ದು ತೆಗೆದುಕೊಳ್ಳಬೇಕಾ? (ಒಬ್ಬ ತಾಯಿ, ಕಾವೂರು)

ಉತ್ತರ: ದಪ್ಪದ್ದು ಬೇಡ ಮಾರಾಯ್ತಿ. ಮೊದಲು ಬಟ್ಟೆ ಎಲ್ಲಿ ಒದ್ದೆಯಾಗಿದೆ ಅಂತ ನೋಡಿ. ಭುಜ, ಕಂಕುಳು, ಜಿಪ್ಪಿನ ಸಾಲು, ಇಲ್ಲೆಲ್ಲ ಗೆರೆ ಎಳೆದ ಹಾಗೆ ಒದ್ದೆಯಾಗಿದ್ದರೆ ನೀರು ಹೊಲಿಗೆಯಿಂದ ಇಳಿದಿದೆ. ಬೆನ್ನು, ಎದೆ ಎಲ್ಲ ಒಂದೇ ಸಮ ಜಿಗುಟು ಜಿಗುಟಾಗಿ ತಣ್ಣಗಿದ್ದರೆ ಅದು ಮಳೆ ಅಲ್ಲವೇ ಅಲ್ಲ. ಮಗುವಿನ ಬೆವರು. ನಮ್ಮ ಕರಾವಳಿಯಲ್ಲಿ ನನಗೆ ಬರುವ ದೂರುಗಳಲ್ಲಿ ಈ ಎರಡನೆಯದೇ ಜಾಸ್ತಿ, ಆದರೆ ಬೈಗುಳ ತಿನ್ನುವುದು ಮಾತ್ರ ಮಳೆ.

ಬೆವರಿನ ಕತೆ ಹೀಗೆ. ಮಳೆಗಾಲದಲ್ಲೂ ಮಂಗಳೂರಲ್ಲಿ ಸೆಕೆ ಪೂರ್ತಿ ಹೋಗುವುದಿಲ್ಲ, ಗಾಳಿಯಲ್ಲಿ ನೀರಿನ ಪಸೆ ತುಂಬಿರುತ್ತದೆ. ಮಗು ಸುಮ್ನೆ ನಡೆಯುವುದೂ ಇಲ್ಲ, ಹಾರುತ್ತಾ ಓಡುತ್ತಾ ಹೋಗುತ್ತದೆ. ಮೈಯ ಬಿಸಿಗೆ ಎದ್ದ ಆವಿ ಪ್ಲಾಸ್ಟಿಕ್ಕಿನ ತಣ್ಣನೆಯ ಒಳಮೈಗೆ ತಾಗಿ ನೀರಾಗಿ ಇಳಿಯುತ್ತದೆ, ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಇಳಿಯುವ ಹಾಗೆ. ದಪ್ಪ ಕೋಟು ತಂದರೆ ಮುಚ್ಚಳವನ್ನು ಇನ್ನೂ ಬಿಗಿ ಮಾಡಿದ ಹಾಗೆ, ಅಷ್ಟೇ.

ಇದಕ್ಕೆ 'ಬ್ರೀದಬಲ್' ಅಂತ ದುಬಾರಿ ಜಾಕೆಟ್ ಬರುತ್ತದೆ. ನೀರಿನ ಹನಿ ಒಳಗೆ ಬರುವುದಿಲ್ಲ, ಆವಿ ಮಾತ್ರ ಹೊರಗೆ ಹೋಗುತ್ತದೆ. ಸುಳ್ಳಲ್ಲ, ಚಳಿ ದೇಶದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದ್ದಕ್ಕಿಂತ ಒಣಗಿರಬೇಕು. ಜುಲೈಯ ಮಂಗಳೂರಿನಲ್ಲಿ ಒಣಗಿದ ಗಾಳಿಯನ್ನು ಎಲ್ಲಿಂದ ತರುವುದು? ಆ ದುಡ್ಡಿಗೆ ನಮ್ಮಲ್ಲಿ ಬೆಲೆ ಇಲ್ಲ. ನಮಗೆ ಬೇಕಾದದ್ದು ಗಾಳಿಯಾಡುವ ದಾರಿ. ಕಂಕುಳಲ್ಲಿ ತೂತು, ಬೆನ್ನಿಗೆ ಅಡ್ಡ ಮಡಿಕೆಯ ಕೆಳಗೆ ಜಾಲರಿ, ಅಗಲ ತೋಳು, ಮೊಣಕಾಲಿನವರೆಗೆ ಇಳಿಬಿದ್ದು ಕೆಳಗೆ ತೆರೆದಿರುವ ಕೋಟು. ನೇಜಿ (ಭತ್ತದ ಸಸಿ) ನೆಡುವ ಹೆಂಗಸರು ಹಿಂದೆ ಹಾಕುತ್ತಿದ್ದ ಗೊರಬೆ ನೆನಪುಂಟಲ್ಲ? ತಲೆ, ಬೆನ್ನು ಮುಚ್ಚುತ್ತಿತ್ತು, ಎದುರು ಪೂರ್ತಿ ತೆರೆದಿತ್ತು. ಇಡೀ ದಿನ ಬಗ್ಗಿ ದುಡಿದರೂ ಅದರೊಳಗೆ ಬೆಂದುಹೋದವರಿಲ್ಲ.

ಇನ್ನು ಹೊಲಿಗೆ. ಸೂಜಿ ಚುಚ್ಚಿದಲ್ಲೆಲ್ಲ ಒಂದು ತೂತು. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಆ ತೂತಿನಿಂದ ನೀರು ಬಂದೇ ಬರುತ್ತದೆ. ಕೋಟನ್ನು ಒಳಮಗ್ಗುಲು ಮಾಡಿ ಹಿಡಿಯಿರಿ. ಹೊಲಿಗೆಯ ಮೇಲೆ ಅರ್ಧ ಇಂಚು ಅಗಲದ ತೆಳು ಟೇಪ್ ಬಿಸಿ ಮಾಡಿ ಅಂಟಿಸಿರಬೇಕು, ಅದೂ ಪ್ರತಿಯೊಂದು ಹೊಲಿಗೆಯ ಮೇಲೆ. ಭುಜಕ್ಕೆ ಮಾತ್ರ ಅಂಟಿಸಿ ಟೋಪಿಗೂ ತೋಳಿಗೂ ಬಿಟ್ಟುಬಿಡುವವರಿದ್ದಾರೆ, ಹುಷಾರು. ಹಳೇ ಕಾಲದ ಪ್ಲಾಸ್ಟಿಕ್ ಕೋಟಿನಲ್ಲಿ ಸೂಜಿಯೇ ಇಲ್ಲ, ಅಂಚುಗಳನ್ನು ಶಾಖ ಕೊಟ್ಟು ಬೆಸೆದಿರುತ್ತಾರೆ. ಸೋರುವುದಿಲ್ಲ, ಆದರೆ ಬೆವರು ಜಾಸ್ತಿ, ಮಡಚಿದಲ್ಲಿ ಬೇಗ ಸೀಳುತ್ತದೆ. ಒಳಗೆ ಪಿಯು (ಪಾಲಿಯುರೆಥೇನ್ ಅನ್ನುವ, ನೀರು ತಡೆಯುವ ಪ್ಲಾಸ್ಟಿಕ್) ಲೇಪ ಕೊಟ್ಟ ತೆಳು ನೈಲಾನೋ ಪಾಲಿಯೆಸ್ಟರೋ ಆದರೆ ಹಗುರ, ಮಗು ಹಟ ಮಾಡದೆ ಹಾಕಿಕೊಳ್ಳುತ್ತದೆ. ನನ್ನ ಓಟು ಇದಕ್ಕೆ.

ಲೇಬಲ್ಲಿನಲ್ಲಿ 'ವಾಟರ್ ರೆಸಿಸ್ಟೆಂಟ್' ಅಂತಿದ್ದರೆ ವಾಪಸ್ ಇಡಿ. ಅದು ತುಂತುರು ಮಳೆಗೆ. 'ವಾಟರ್‌ಪ್ರೂಫ್' ಅಂತಿರಬೇಕು, ಜತೆಗೆ 3,000, 5,000, 10,000 ಮಿ.ಮೀ. ಅಂತ ಒಂದು ಅಂಕಿ ಇದ್ದರೆ ಇನ್ನೂ ಒಳ್ಳೆಯದು. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರು ನಿಲ್ಲಿಸುವವರೆಗೆ ಅದು ಸೋರದೆ ತಡೆಯಿತು ಎನ್ನುವ ಲೆಕ್ಕ ಅದು. ಒಬ್ಬರು "ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮಳೆ, ಹಾಗಾದರೆ 5,000ದ ಕೋಟು ಅಲ್ಲಿಗೆ ಸಾಕಾಗುವುದಿಲ್ಲ ಅಲ್ವಾ?" ಅಂತ ಕೇಳಿದ್ದರು. ಇಲ್ಲಪ್ಪ, ಆ ಮಿಲಿಮೀಟರಿಗೂ ಈ ಮಿಲಿಮೀಟರಿಗೂ ಸಂಬಂಧ ಇಲ್ಲ! ಶಾಲೆಗೆ ಹೋಗಿಬರುವ ಮಗುವಿಗೆ 5,000 ಧಾರಾಳ. ಆದರೆ ಬ್ಯಾಗಿನ ಪಟ್ಟಿ ಒತ್ತುವಲ್ಲಿ, ಒದ್ದೆ ಸೀಟಿನ ಮೇಲೆ ಕೂತಲ್ಲಿ ನೀರಿನ ಒತ್ತಡ ಜಾಸ್ತಿಯಾಗುತ್ತದೆ, ಮೊದಲು ಸೋರುವುದು ಅಲ್ಲೇ. ಅದಕ್ಕೇ ಬ್ಯಾಗು ಕೋಟಿನ ಒಳಗಿರಲಿ. ಬೆನ್ನಿಗೆ ಗೂನು ಬಂದ ಹಾಗೆ ಜಾಗ ಬಿಟ್ಟು ಹೊಲಿದ ಕೋಟುಗಳು ಸಿಗುತ್ತವೆ.

ತಂದ ದಿನವೇ ಪರೀಕ್ಷೆ ಮಾಡಿ. ಒಳಗೆ ಹಳೆ ಪೇಪರ್ ತುರುಕಿ, ಜಿಪ್ಪು ಹಾಕಿ, ಕುತ್ತಿಗೆಯನ್ನು ಟೋಪಿಯಿಂದಲೇ ಮುಚ್ಚಿ, ಬಚ್ಚಲಲ್ಲಿ ಶವರ್ ಕೆಳಗೆ ಐದು ನಿಮಿಷ ನೇತುಹಾಕಿ. ಪೇಪರ್ ಎಲ್ಲಿ ಒದ್ದೆಯಾಯಿತು ನೋಡಿದರೆ ಗೊತ್ತಾಗುತ್ತದೆ. ಸೋರಿದರೆ ವಾಪಸ್ ಕೊಡಬೇಕಲ್ಲ, ಅಂಗಡಿಯ ಬಿಲ್ಲು ಬಿಸಾಡಬೇಡಿ. ಒಂದು ಜತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿಡಿ. ಎಷ್ಟೇ ಒಳ್ಳೆ ಕೋಟಿದ್ದರೂ ಆಟಿ ತಿಂಗಳ (ಜುಲೈ-ಆಗಸ್ಟಿನ) ಎರಚಲಿಗೆ ಕಾಲು, ಕುತ್ತಿಗೆ ನೆನೆಯುವುದೇ.

ಪ್ರಶ್ನೆ: ಟೋಪಿಗೆ ದಾರ ಇರುವುದು ಒಳ್ಳೆಯದಾ, ಇಲ್ಲದ್ದಾ? (ಬ್ರಹ್ಮಾವರ)

ಉತ್ತರ: ಇಲ್ಲದ್ದು. ದಾರ ಬಸ್ಸಿನ ಬಾಗಿಲಿಗೋ ಜಾರುಬಂಡಿಗೋ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಯುರೋಪಿನ ಸುರಕ್ಷತಾ ನಿಯಮದಲ್ಲಿ 7 ವರ್ಷದ ಒಳಗಿನ ಮಕ್ಕಳ ಬಟ್ಟೆಯ ಟೋಪಿಗೆ ದಾರ ಹಾಕುವ ಹಾಗೇ ಇಲ್ಲ. ಇಲಾಸ್ಟಿಕ್ ಇರುವುದು ನೋಡಿ. ಈಗಾಗಲೇ ತಂದಿದ್ದರೆ ದಾರ ಎಳೆದು ತೆಗೆದು, ಆ ಜಾಗಕ್ಕೆ ಇಲಾಸ್ಟಿಕ್ ತೂರಿಸಿ ಎರಡೂ ಕಡೆ ಹೊಲಿದುಬಿಡಿ. ಹತ್ತು ನಿಮಿಷದ ಕೆಲಸ.

ಪ್ರಶ್ನೆ: ಸ್ಕೂಟರಿನಲ್ಲಿ ಮೂರೂವರೆ ವರ್ಷದ ಮಗನನ್ನು ಅಂಗನವಾಡಿಗೆ ಬಿಡುತ್ತೇನೆ. ನಾನು ದೊಡ್ಡ ಪಾಂಚೋ (ತೋಳಿಲ್ಲದೆ ಹೊದಿಕೆಯ ಹಾಗೆ ಇಳಿಬಿಡುವ ರೇನ್‌ಕೋಟು) ಹಾಕಿ ಅವನನ್ನು ಅದರೊಳಗೇ ಕೂರಿಸಿಕೊಂಡರೆ ಆಗುವುದಿಲ್ಲವಾ? (ಒಬ್ಬ ತಂದೆ, ಪರ್ಕಳ)

ಉತ್ತರ: ದಯವಿಟ್ಟು ಬೇಡ. ಪಾಂಚೋದ ಅಂಚು ಗಾಳಿಗೆ ಹಾರಿ ಚಕ್ರಕ್ಕೆ ಸುತ್ತಿಕೊಂಡರೆ ಇಬ್ಬರೂ ರಸ್ತೆಗೆ. ಒಳಗೆ ಕೂತ ಮಗುವಿಗೆ ಏನೂ ಕಾಣುವುದಿಲ್ಲ, ಬೇರೆ ಗಾಡಿಯವರಿಗೆ ಅವನು ಕಾಣುವುದಿಲ್ಲ. ಸ್ಕೂಟರಿಗೆ ಜಾಕೆಟ್ಟು, ಪ್ಯಾಂಟು ಬೇರೆ ಬೇರೆ ಇರುವ ಸೆಟ್ಟೇ ಸರಿ. ಇಲ್ಲಿ ಮೊದಲು ಹೇಳಿದ ಉದ್ದ ಕೋಟಿನ ಮಾತು ನಡೆಯುವುದಿಲ್ಲ, ಗಾಡಿಯಲ್ಲಿ ಕೂತವನು ಓಡುವುದೂ ಇಲ್ಲ, ಬೆವರುವುದು ಕಡಿಮೆ. ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ. ಬೂದಿ, ನೇವಿ ಬ್ಲೂ ಎಲ್ಲ ಮಳೆಯ ಮಬ್ಬಿನಲ್ಲಿ ಕಾಣದೇ ಹೋಗುತ್ತವೆ. ಕಲೆ ಕಾಣುವುದಿಲ್ಲ ಅಂತ ಅದನ್ನೇ ತರುವ ತಾಯಂದಿರಿದ್ದಾರೆ, ನಾನೂ ಹಾಗೇ ತಂದವಳೇ!

ಇನ್ನೊಂದು, ಕಾನೂನಿನ ವಿಷಯ. 4 ವರ್ಷದ ಒಳಗಿನ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಓಡಿಸುವವರ ಮೈಗೆ ಕಟ್ಟುವ ಸುರಕ್ಷಾ ಬೆಲ್ಟು, ಮಗುವಿನ ತಲೆಗೆ ಸರಿಹೋಗುವ ಹೆಲ್ಮೆಟ್ಟು, ಗಂಟೆಗೆ 40 ಕಿ.ಮೀ. ಮೀರದ ವೇಗ ಕಡ್ಡಾಯ ಅಂತ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲೇ ನಿಯಮ ಹೊರಡಿಸಿದೆ. ಆ ಬೆಲ್ಟು ಕೂಡ ನೀರು ಹಿಡಿಯದ ಬಟ್ಟೆಯದ್ದೇ ಆಗಿರಬೇಕು, 30 ಕಿಲೋ ತಡೆಯಬೇಕು. ರೇನ್‌ಕೋಟಿನ ಮೇಲೆ ಬೆಲ್ಟು ಹಾಕಿ ಬಿಗಿ ಮಾಡಿ. ಟೋಪಿಯನ್ನು ಹೆಲ್ಮೆಟ್ಟಿನ ಒಳಗೆ ತುರುಕಬೇಡಿ, ಹೆಲ್ಮೆಟ್ ಸಡಿಲವಾಗುತ್ತದೆ. ಧೋ ಅಂತ ಸುರಿಯುವಾಗ ಒಂದು ಬಸ್‌ಸ್ಟ್ಯಾಂಡಿನಡಿ ಹತ್ತು ನಿಮಿಷ ನಿಂತರೆ ಅಂಗನವಾಡಿ ಓಡಿಹೋಗುವುದಿಲ್ಲ.

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ಮಳೆ ಸುರುವಾದಾಗಿನಿಂದ ನಮ್ಮ ಅತ್ತೆ ಹಗಲು ರಾತ್ರಿ ಸ್ವೆಟರ್, ಟೋಪಿ, ಕಾಲುಚೀಲ ಹಾಕಿಸುತ್ತಾರೆ. ತೆಗೆದರೆ "ಶೀತ ಆಗ್ತದೆ" ಅಂತ ಬೈಗುಳ. (ಹೆಸರು ಬೇಡ, ಸುರತ್ಕಲ್)

ಉತ್ತರ: ಅತ್ತೆಯವರ ಪ್ರೀತಿ ಅರ್ಥವಾಗುತ್ತದೆ. ಆದರೆ ಶೀತ ಬರುವುದು ವೈರಸ್ಸಿನಿಂದ, ಬರಿಗಾಲಿನಿಂದಲ್ಲ. ಅವರ ಕೈಯಿಂದಲೇ ಮಗುವಿನ ಕುತ್ತಿಗೆಯ ಹಿಂಭಾಗ ಮುಟ್ಟಿಸಿ. ಅಲ್ಲಿ ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ. ಕೈಕಾಲು ಮುಟ್ಟಿ ನೋಡಿ ಪ್ರಯೋಜನ ಇಲ್ಲ, ಸಣ್ಣ ಮಕ್ಕಳ ಕೈಕಾಲು ತಣ್ಣಗಿರುವುದು ಸಾಮಾನ್ಯ. ನೀವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಜಾಸ್ತಿ ಸಾಕು, ಸೆಕೆಯಿದ್ದರೆ ಅದೂ ಬೇಡ. ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡವೇ ಬೇಡ, ಮಗುವಿನ ಮೈಬಿಸಿ ಹೊರಗೆ ಹೋಗುವ ಮುಖ್ಯ ದಾರಿಯೇ ತಲೆ. ಅತ್ತೆಯ ಸ್ವೆಟರನ್ನು ಘಟ್ಟ ಹತ್ತುವ ದಿನಕ್ಕೆ ತೆಗೆದಿಡಿ, ಅವರಿಗೂ ಸಮಾಧಾನ.

ಪ್ರಶ್ನೆ: ಜನವರಿಯಲ್ಲಿ ಮನಾಲಿಗೆ ಹೋಗುವವರಿದ್ದೇವೆ. ಜತೆಗೆ ಮೂರು ವರ್ಷದ ಮಗಳು. ಹುಟ್ಟಿದ ಮೇಲೆ ಅವಳು ಚಳಿಯನ್ನೇ ನೋಡಿಲ್ಲ. ಏನೇನು ತೆಗೆದುಕೊಳ್ಳಬೇಕು? (ಮಣಿಪಾಲ)

ಉತ್ತರ: ಮೊದಲು, ಹತ್ತಿಯ ಬನಿಯನ್ನು ಮನೆಯಲ್ಲೇ ಬಿಡಿ. ನಮ್ಮ ಊರಿಗೆ ಹತ್ತಿಯಂಥ ಬಟ್ಟೆ ಇಲ್ಲ, ಹಿಮದಲ್ಲಿ ಅದರಂಥ ಶತ್ರು ಇಲ್ಲ. ಬೆವರೋ ಹಿಮವೋ ಕುಡಿದು ಒದ್ದೆಯಾದರೆ ಒಣಗುವುದೇ ಇಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಮೈಗೆ ತಾಗುವ ಪದರ ಉಣ್ಣೆಯದ್ದೋ ಪಾಲಿಯೆಸ್ಟರ್ ಥರ್ಮಲ್ಲೋ ಇರಲಿ. ಅದರ ಮೇಲೆ ಫ್ಲೀಸ್ (ಉಣ್ಣೆಯ ಹಾಗೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ) ಅಥವಾ ಉಣ್ಣೆ ಸ್ವೆಟರ್. ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ಎರಡನ್ನೂ ತಡೆಯುವ ಜಾಕೆಟ್ಟು, ಪ್ಯಾಂಟು. ಬೆಚ್ಚಗಿಡುವುದು ನಡುವಿನ ಪದರದಲ್ಲಿ ಸಿಕ್ಕಿಬಿದ್ದ ಗಾಳಿ, ಹೊರಗಿನ ಜಾಕೆಟ್ಟು ಆ ಗಾಳಿಯನ್ನು ಕಾಯುವ ಕೆಲಸ ಮಾಡುತ್ತದೆ ಅಷ್ಟೇ. ಮಲೆನಾಡಿನವರು ಕಂಬಳಿಕೊಪ್ಪೆ ಹಾಕಿ ಮಳೆಯಲ್ಲಿ ದನ ಕಾಯುತ್ತಿದ್ದದ್ದೂ ಇದೇ ಉಪಾಯದಿಂದ. ಕುರಿಯ ಉಣ್ಣೆ ಮೇಲೆ ನೆನೆದರೂ ಒಳಗೆ ಬೆಚ್ಚಗೇ ಇರುತ್ತದೆ.

ಬೆರಳು ಬೆರಳು ಬೇರೆಯಾಗಿರುವ ಗ್ಲೌಸ್ ಸಣ್ಣವರಿಗೆ ಬೇಡ, ಹಾಕಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ನಾಲ್ಕು ಬೆರಳು ಒಟ್ಟಿಗೆ ಕೂರುವ ಚೀಲದಂಥದ್ದು ಜಾಸ್ತಿ ಬೆಚ್ಚಗೆ. ಎರಡು ಜತೆ ಇರಲಿ, ಒಂದು ಕಳೆದೇ ಹೋಗುತ್ತದೆ. ಚಳಿಗೆ ಅಂತ ಎರಡು ಕಾಲುಚೀಲ ಹಾಕಿ ಬಿಗಿ ಶೂಗೆ ತುರುಕಿದರೆ ಕಾಲಿಗೆ ರಕ್ತ ಓಡುವುದು ಕಡಿಮೆಯಾಗಿ ಇನ್ನೂ ತಣ್ಣಗಾಗುತ್ತದೆ. ಕಾರಿನಲ್ಲಿ ಬೆಲ್ಟು ಹಾಕುವ ಮೊದಲು ದಪ್ಪ ಜಾಕೆಟ್ಟು ತೆಗೆಯಿರಿ, ಗುದ್ದಿದಾಗ ಅದು ಚಪ್ಪಟೆಯಾಗಿ ಬೆಲ್ಟು ಸಡಿಲ ಬೀಳುತ್ತದೆ.

ಹಿಮಕ್ಕೆ ಹಾಕುವ ಸೂಟು, ಬೂಟು ಅಲ್ಲೇ ದಾರಿಯಲ್ಲಿ ಬಾಡಿಗೆಗೆ ಸಿಗುತ್ತದೆ. ದೊಡ್ಡವರಿಗೆ ಅದು ಸಾಕು. ಇಷ್ಟು ಸಣ್ಣ ಮಗುವಿಗೆ ಅಳತೆಯದ್ದು ಸಿಗುವುದು ಕಷ್ಟ, ಹಿಂದಿನವರು ಹಾಕಿದ ಒದ್ದೆ ಒಳಗೇ ಇರುವುದೂ ಉಂಟು. ಅವಳದ್ದು ಮಾತ್ರ ಇಲ್ಲಿಂದಲೇ ಒಯ್ಯಿರಿ. ಕೊಂಡರೆ ಊರಿಗೆ ಬಂದ ಮೇಲೆ ಹಾಕುವ ದಿನ ಬರುವುದಿಲ್ಲ, ಮುಂದಿನ ವರ್ಷಕ್ಕೆ ಅವಳಿಗೆ ಆಗುವುದೂ ಇಲ್ಲ. ಬೆಂಗಳೂರಲ್ಲೋ ದಿಲ್ಲಿಯಲ್ಲೋ ಇರುವ ನೆಂಟರ ಮನೆಯಿಂದ ಸಾಲ ಕೇಳಿ, ನಾಚಿಕೆ ಬೇಡ.

ಪ್ರಶ್ನೆ: ರೇನ್‌ಕೋಟಿಗೆ ಬೂಷ್ಟು ಹಿಡಿದು ಮುಗ್ಗಲು ವಾಸನೆ. ಹೇಗೆ ತೆಗೆಯುವುದು? (ಕಂಕನಾಡಿ)

ಉತ್ತರ: ಅರ್ಧ ನೀರು ಅರ್ಧ ವಿನೆಗರ್ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ, ಆಮೇಲೆ ತಣ್ಣೀರಿಗೆ ಸ್ವಲ್ಪವೇ ಸೋಪು ಹಾಕಿ ಕೈಯಲ್ಲಿ ತೊಳೆಯಿರಿ. ಬ್ರಷ್ ಬೇಡ. ಪರಿಮಳಕ್ಕೆ ಅಂತ ಕಂಫರ್ಟ್ ಥರದ್ದು ಹಾಕಿದರೆ ಮೇಲಿನ ನೀರು ಜಾರಿಸುವ ಗುಣ ಹೋಗುತ್ತದೆ. ಹ್ಯಾಂಗರಿಗೆ ಹಾಕಿ ಒಳಮೈ ಹೊರಗೆ ಮಾಡಿ ಫ್ಯಾನಿನಡಿ ಒಣಗಿಸಿ. ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಎಲ್ಲ ಬಟ್ಟೆ ಒಣಗಿಸುತ್ತಿದ್ದೆವು. ಒಂದು ಸಲ ಮಗನ ಹೊಸ ರೇನ್‌ಕೋಟನ್ನೂ ಅಲ್ಲೇ ಹಾಕಿದೆ. ಬೆಳಿಗ್ಗೆ ನೋಡಿದರೆ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿತ್ತು, ಅವನು ಅವತ್ತು ಅಪ್ಪನ ಕೊಡೆಯಲ್ಲಿ ಶಾಲೆಗೆ ಹೋದ.

ಅಕ್ಟೋಬರದಲ್ಲಿ ಪೂರ್ತಿ ಒಣಗದೆ ಮಡಚಿ ಅಟ್ಟಕ್ಕೆ ಹಾಕಬೇಡಿ. ಸೆಕೆ, ಪಸೆ ಎರಡೂ ಸೇರಿ ಒಳಗಿನ ಲೇಪ ಅಂಟಂಟಾಗಿ ಪದರ ಪದರ ಏಳುತ್ತದೆ. ನಿಮ್ಮದು ಮುಟ್ಟಿದರೆ ಕೈಗೆ ಅಂಟುತ್ತಿದೆಯಾ? ಹಾಗಾದರೆ ವಿನೆಗರ್ ಖರ್ಚು ಮಾಡಬೇಡಿ. ಅದನ್ನು ಸ್ಕೂಟರಿನ ಸೀಟಿಗೆ ಹೊದಿಸಿ, ಮಗುವಿಗೆ ಹೊಸದು ತನ್ನಿ.