ವಿಮಾನ ಹತ್ತಿಸಲ್ಲ ಅಂದರೆ ಯಾರನ್ನು ಕೇಳಬೇಕು?

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ. ಹೋದ ತಿಂಗಳು ಅಲ್ಲಿನ ಏರ್‌ಪೋರ್ಟ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡದೆ ವಾಪಸ್ ಕಳಿಸಿದರು. ‘ಸರ್ಕಾರದ ಸೂಚನೆ’ ಅಂದರೇ ಹೊರತು ಕಾರಣ ಹೇಳಲಿಲ್ಲ. ಏರ್‌ಲೈನ್ ಮೇಲೆ ಕೇಸ್ ಹಾಕುತ್ತೇನೆ ಅಂತ ಅವನು ಕೂತಿದ್ದಾನೆ. ಸರಿಯಾ?

ಉತ್ತರ: ಆ ಸಿಟ್ಟು ತಪ್ಪು ಜಾಗಕ್ಕೆ ಹೋಗುತ್ತಿದೆ. ಕೌಂಟರಿನಲ್ಲಿ ಇದ್ದವರಿಗೂ ಕಾರಣ ಗೊತ್ತಿರುವುದಿಲ್ಲ. ಬುಕಿಂಗ್‌ನಲ್ಲಿ ಕೊಟ್ಟ ಪೂರ್ತಿ ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬುದು ಟಿಎಸ್ಎಗೆ, ಅಂದರೆ ಅಮೆರಿಕ ಸರ್ಕಾರದ ಸಾರಿಗೆ ಭದ್ರತಾ ಸಂಸ್ಥೆಗೆ ಹೋಗುತ್ತದೆ, ಅವರು ನೋ ಫ್ಲೈ ಪಟ್ಟಿಯ (ವಿಮಾನ ಹತ್ತಿಸಬಾರದವರ ಸರ್ಕಾರಿ ಪಟ್ಟಿ) ಜೊತೆ ತಾಳೆ ನೋಡುತ್ತಾರೆ, ‘ಬೇಡ’ ಅಂತ ಬಂದರೆ ಏರ್‌ಲೈನ್‌ನವರು ಪಾಸ್ ಕೊಡುವಂತಿಲ್ಲ.

ಹಾಗಾಗಿ ಮೊದಲು ಡಿಎಚ್ಎಸ್ ಟ್ರಿಪ್‌ಗೆ, ಅಂದರೆ ಇಂಥ ಪ್ರಯಾಣಿಕರ ದೂರು ಕೇಳುವ ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ವಿಭಾಗಕ್ಕೆ ಅರ್ಜಿ ಹಾಕಲಿ. 2007ರಿಂದ ಇರುವ ವ್ಯವಸ್ಥೆ ಇದು. ಆನ್‌ಲೈನ್‌ನಲ್ಲೇ ಹಾಕಬಹುದು. ಯಾವ ದಿನ, ಯಾವ ಫ್ಲೈಟ್, ಯಾರು ಏನಂದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಲಿ. ಟಿಕೆಟ್, ಮೆಸೇಜು ಯಾವುದನ್ನೂ ಡಿಲೀಟ್ ಮಾಡದಿರಲಿ. ಅರ್ಜಿಗೆ ಏಳು ಅಂಕಿಯ ರಿಡ್ರೆಸ್ ನಂಬರ್ (ದೂರಿನ ಗುರುತಿನ ಸಂಖ್ಯೆ) ಸಿಗುತ್ತದೆ. ಬರೀ ಹೆಸರಿನ ಗೊಂದಲವಾಗಿದ್ದರೆ, ಮುಂದೆ ಬುಕ್ ಮಾಡುವಾಗ ಆ ನಂಬರ್ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. 2004ರಲ್ಲಿ ಸೆನೆಟರ್ ಟೆಡ್ ಕೆನಡಿ ಅವರನ್ನೇ ಹೆಸರಿನ ಗೊಂದಲದಲ್ಲಿ ತಡೆದಿದ್ದರು, ಇನ್ನು ನಮ್ಮ ನಿಮ್ಮಂಥವರ ಪಾಡು!

ನಿಜವಾಗಿಯೂ ಪಟ್ಟಿಯಲ್ಲಿದ್ದರೆ ದಾರಿ ಉದ್ದ. ಆದರೆ ಗ್ರೀನ್ ಕಾರ್ಡ್ ಇರುವುದು ಇಲ್ಲಿ ತುಂಬಾ ದೊಡ್ಡ ವಿಷಯ. ಮೊದಲೆಲ್ಲ ‘ಪಟ್ಟಿಯಲ್ಲಿದ್ದೀರಿ’ ಅಂತಲೂ ಹೇಳುತ್ತಿರಲಿಲ್ಲ, ‘ಇಲ್ಲ’ ಅಂತಲೂ ಹೇಳುತ್ತಿರಲಿಲ್ಲ. ಇದು ನ್ಯಾಯವಲ್ಲ ಎಂದು ಒರೆಗಾನ್‌ನ ಫೆಡರಲ್ ಕೋರ್ಟ್ 2014ರಲ್ಲಿ ಹೇಳಿತು. 2015ರಿಂದ ನಿಯಮ ಬದಲಾಗಿ, ವಿಮಾನ ಹತ್ತಲು ಬಿಡದ ಅಮೆರಿಕನ್ ಪ್ರಜೆಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಹೌದೋ ಅಲ್ಲವೋ ಎಂದು ತಿಳಿಸುತ್ತಾರೆ. ಹೌದು ಅಂತ ಬಂದರೆ ಕಾರಣ ಕೇಳಬಹುದು. ಗುಟ್ಟಿನ ಮಾಹಿತಿ ಬಿಟ್ಟು ಉಳಿದದ್ದರ ಸಾರಾಂಶ ಕೊಡುತ್ತಾರೆ, ಕೆಲವು ಸಲ ಅದು ಎರಡೇ ಸಾಲು ಇದ್ದರೂ ಆಶ್ಚರ್ಯ ಬೇಡ. ಅದಕ್ಕೆ ಉತ್ತರ ಕೊಡುವ ಹೊತ್ತಿಗೆ ವಕೀಲರು ಜೊತೆಗಿರಲೇಬೇಕು, ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕೊನೆಯ ಆದೇಶ ಟಿಎಸ್ಎ ಮುಖ್ಯಸ್ಥರದು. ಅದೂ ವಿರುದ್ಧ ಬಂದರೆ 60 ದಿನದೊಳಗೆ ಫೆಡರಲ್ ಮೇಲ್ಮನವಿ ಕೋರ್ಟಿಗೆ ಹೋಗಬೇಕು.

ಕೋರ್ಟಿಗೆ ಹೋದರೆ ಏನೂ ಆಗಲ್ಲ ಅನ್ನುವವರ ಮಾತು ಕೇಳಬೇಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಲೇಷ್ಯಾದ ರಹೀನಾ ಇಬ್ರಾಹಿಂ ಅವರನ್ನು 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್‌ನಲ್ಲಿ ಹಿಡಿದು ಕೈಕೋಳ ಹಾಕಿದರು. ವರ್ಷಗಟ್ಟಲೆ ಕೇಸ್ ನಡೆದ ಮೇಲೆ ಗೊತ್ತಾಗಿದ್ದೇನು? ಒಂದು ಫಾರ್ಮ್‌ನಲ್ಲಿ ‘ಯಾವ ಪಟ್ಟಿಗಳಿಗೆ ಸೇರಿಸಬಾರದೋ ಅವಕ್ಕೆ ಗುರುತು ಹಾಕಿ’ ಅಂತ ಇತ್ತು, ಎಫ್‌ಬಿಐ ಅಧಿಕಾರಿ ಅದನ್ನು ಉಲ್ಟಾ ಓದಿಕೊಂಡು ಗುರುತು ಹಾಕಿದ್ದರು. 2014ರಲ್ಲಿ ಆಕೆ ಗೆದ್ದರು. 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೊಂದು ಕೇಸಿನಲ್ಲಿ, ಹೆಸರು ತೆಗೆದಿದ್ದೇವೆ ಅಂದಮಾತ್ರಕ್ಕೆ ಕೇಸ್ ಮುಗಿಯಲ್ಲ, ಮತ್ತೆ ಸೇರಿಸಲ್ಲ ಅನ್ನೋದನ್ನು ಸರ್ಕಾರವೇ ತೋರಿಸಬೇಕು ಎಂದು ಒಮ್ಮತದಿಂದ ಹೇಳಿದೆ.

ಇನ್ನೊಂದು ಮಾತು. ‘ಸುಮ್ನೆ ಮಾತಾಡೋಣ ಬನ್ನಿ’ ಅಂತ ಎಫ್‌ಬಿಐನವರು ಕರೆದರೆ ವಕೀಲರಿಲ್ಲದೆ ಹೋಗುವುದು ಬೇಡ. ಅವರ ಮುಂದೆ ಸುಳ್ಳು ಹೇಳುವುದೇ ಅಲ್ಲಿ ಬೇರೆ ಅಪರಾಧ.

ಪ್ರಶ್ನೆ: ನನ್ನ ಬೋರ್ಡಿಂಗ್ ಪಾಸ್ ಮೇಲೆ ನಾಲ್ಕು ‘ಎಸ್’ ಇತ್ತು, ಬ್ಯಾಗೆಲ್ಲ ಬಿಚ್ಚಿಸಿದರು. ನಾನೂ ನೋ ಫ್ಲೈ ಪಟ್ಟಿಯಲ್ಲಿದ್ದೇನಾ?

ಉತ್ತರ: ಇಲ್ಲ, ಇದ್ದಿದ್ದರೆ ಪಾಸೇ ಸಿಗುತ್ತಿರಲಿಲ್ಲ, ಅಲ್ವಾ? ಅದು ಜಾಸ್ತಿ ತಪಾಸಣೆ ಮಾಡಿ ಎಂಬ ಗುರುತು. ಯಾವ ಲೆಕ್ಕಕ್ಕೂ ಸಿಗದಂತೆ ಯಾರನ್ನಾದರೂ ಆರಿಸುವುದೂ ಉಂಟು. ಒಂದು ಸಲಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಸಲವೂ ಬರುತ್ತಿದ್ದರೆ ನೀವೂ ಅದೇ ಟ್ರಿಪ್ ಅರ್ಜಿ ಹಾಕಿ. ವೀಸಾದ ಮೇಲೆ ಹೋದವರಾದರೆ ಮಾತ್ರ ಹೌದು-ಅಲ್ಲ ಎಂಬ ನೇರ ಉತ್ತರ ನಿರೀಕ್ಷಿಸಬೇಡಿ, ಆ ಸವಲತ್ತು ನಿಮಗಿಲ್ಲ.

ಪ್ರಶ್ನೆ: ಕೆನಡಾದಲ್ಲೂ ಇದೇ ದಾರಿಯಾ?

ಉತ್ತರ: ಬೇರೆ. ಅಲ್ಲಿ 2015ರ ಕಾನೂನು ಇದೆ. ಹತ್ತಲು ಬಿಡದ ದಿನದಿಂದ 60 ದಿನದೊಳಗೆ ಸಾರ್ವಜನಿಕ ಸುರಕ್ಷತಾ ಸಚಿವರಿಗೆ ಅರ್ಜಿ, ಅವರು ಒಪ್ಪದಿದ್ದರೆ ಮತ್ತೆ 60 ದಿನದೊಳಗೆ ಫೆಡರಲ್ ಕೋರ್ಟಿಗೆ ಮೇಲ್ಮನವಿ. ಬರೀ ಹೆಸರು ಹೊಂದಿದ್ದಕ್ಕೆ ಗೋಳಾಗುತ್ತಿದ್ದರೆ, 2020ರಿಂದ ಕೆನಡಿಯನ್ ಟ್ರಾವೆಲ್ ನಂಬರ್ ಕೊಡುತ್ತಿದ್ದಾರೆ. ಅದನ್ನು ಮಾಡಿಸಿಕೊಂಡು ಬುಕಿಂಗ್‌ನಲ್ಲಿ ಹಾಕಿ.